ನನ್ನನ್ನ ನಾನು ಒಪ್ಪಿಕೊಂಡ್ಮೇಲೆ ಕೋಚ್ ಯಾಕೆ ಬೇಕು?

ಪ್ರಶ್ನೆ: ನಂಗೆ 36 ವರ್ಷ. ಮೀಟಿಂಗಲ್ಲಿ ಬಾಯಿ ಬಿಡಲ್ಲ ಅನ್ನೋದು ನನ್ನ ಹಳೇ ಕಥೆ, ಹೇಳೋಕೆ ವಿಷಯ ಇದ್ರೂ ಗಂಟಲಲ್ಲೇ ನಿಂತುಬಿಡುತ್ತೆ. ಅದಕ್ಕೇ ಎಂಟು ತಿಂಗಳಿಂದ ಒಬ್ಬ ಕೋಚ್ ಹತ್ರ ಹದಿನೈದು ದಿನಕ್ಕೊಂದು ಸೆಷನ್ ತಗೋತಿದ್ದೀನಿ. ಪ್ರತಿ ಮೀಟಿಂಗಲ್ಲೂ ಎರಡು ಸಲ ಮಾತಾಡಬೇಕು ಅಂತ ಗೋಲ್ ಇಟ್ರು, ಮಾಡಿದೆ. ಆದ್ರೆ ಮಾತಾಡಿದ ದಿನ ರಾತ್ರಿ ನಿದ್ದೆ ಬರಲ್ಲ, ನಾನು ಹೇಳಿದ್ದು, ಧ್ವನಿ ನಡುಗಿದ್ದು, ಯಾರೋ ಫೋನ್ ನೋಡಿದ್ದು ಎಲ್ಲಾ ರಿವೈಂಡ್ ಆಗ್ತಾನೇ ಇರುತ್ತೆ, ಎರಡು ಗಂಟೆ ಮೂರು ಗಂಟೆ ತನಕ. ಈಗ ಒಂದಿದ್ದ ಗೋಲ್ ಐದಾಗಿದೆ. ಅದೇ ಕೋಚ್ ಇನ್ನೊಂದು ಕಡೆ 'ಮೊದಲು ನಿಮ್ಮನ್ನ ನೀವು ಇರೋ ಹಾಗೇ ಒಪ್ಪಿಕೊಳ್ಳಿ' ಅಂತಾರೆ. ಒಪ್ಪಿಕೊಂಡ್ರೆ ಬದಲಾಗೋದು ಯಾಕೆ? ಬದಲಾಗಬೇಕು ಅಂದ್ರೆ ಈಗಿರೋ ನಾನು ಸರಿ ಇಲ್ಲ ಅಂತ ತಾನೇ ಅರ್ಥ? ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋ ಹಾಗಾಗಿದೆ. ಕೋಚಿಂಗ್ ನಿಲ್ಲಿಸಿಬಿಡ್ಲಾ? ಇದನ್ನೆಲ್ಲ ಅವರ ಮುಂದೆ ಹೇಳಿದ್ರೆ ಬೇಜಾರು ಮಾಡ್ಕೋತಾರಾ?

ಉತ್ತರ: ನಿಲ್ಲಿಸೋದಾ ಮುಂದುವರಿಸೋದಾ ಅನ್ನೋದನ್ನ ಕೊನೇಲಿ ನೋಡೋಣ. ನಿಮ್ಮ ಪತ್ರಾನ ಎರಡು ಸಲ ಓದಿದೆ, ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಬಾಯಿ ಬಿಡದೇ ಇದ್ದೋರು ಮೀಟಿಂಗಲ್ಲಿ ಎರಡೆರಡು ಸಲ ಮಾತಾಡಿದ್ದೀರಿ, ಅದಕ್ಕೆ ನೀವು ಕೊಟ್ಟಿರೋದು ಒಂದೇ ಒಂದು ಪದ, 'ಮಾಡಿದೆ'. ಧ್ವನಿ ನಡುಗಿದ್ದಕ್ಕೆ, ಯಾರೋ ಫೋನ್ ನೋಡಿದ್ದಕ್ಕೆ, ನಿದ್ದೆ ಕೆಟ್ಟಿದ್ದಕ್ಕೆ ಮಾತ್ರ ಸಾಲಿಗೆ ಸಾಲು ಬರೆದಿದ್ದೀರಿ. ಇದನ್ನ ತಪ್ಪು ಅಂತ ತೋರಿಸ್ತಾ ಇಲ್ಲ, ದಯವಿಟ್ಟು ಇದನ್ನೂ ಇವತ್ತು ರಾತ್ರಿಯ ರಿವೈಂಡ್ ಲಿಸ್ಟಿಗೆ ಸೇರಿಸ್ಕೋಬೇಡಿ. ಆದ್ರೆ ನೀವು ಕೇಳಿರೋ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಆ ಒಂದು ಪದದಲ್ಲೇ ಇದೆ ಅಂತ ನಂಗನ್ಸುತ್ತೆ.

ಮೊದಲು 'ಒಪ್ಪಿಕೊಳ್ಳೋದು' ಅನ್ನೋ ಪದದ ಗಲಾಟೆ ಮುಗಿಸಿಬಿಡೋಣ, ಯಾಕಂದ್ರೆ ಅರ್ಧ ತೊಂದರೆ ಬರ್ತಿರೋದೇ ಅಲ್ಲಿಂದ. ನಮ್ಮ ಭಾಷೇಲಿ ಈ ಪದ ಎಲ್ಲೆಲ್ಲಿ ಬರುತ್ತೆ ನೋಡಿ. ತಪ್ಪು ಒಪ್ಪಿಕೊಂಡ, ಸೋಲು ಒಪ್ಪಿಕೊಂಡ, ಕೊನೆಗೂ ಒಪ್ಪಿಕೊಂಡ. ಎಲ್ಲಾ ಕಡೆ ತಲೆ ಬಗ್ಗಿಸಿದ ವಾಸನೆಯೇ. ಹಂಗಾಗಿ 'ನಿಮ್ಮನ್ನ ನೀವು ಒಪ್ಪಿಕೊಳ್ಳಿ' ಅಂದ ಕೂಡಲೇ ನಮ್ಮ ಕಿವಿಗೆ 'ಇನ್ನು ನಿನ್ನ ಕೈಲಾಗಲ್ಲ, ಬಿಟ್ಟುಬಿಡು' ಅಂತ ಕೇಳಿಸುತ್ತೆ. ಇಲ್ಲಾಂದ್ರೆ ಇನ್ನೊಂದು ಅರ್ಥ, 'ನೀನು ಹೇಗಿದ್ದೀಯೋ ಅದೇ ಚೆನ್ನಾಗಿದೆ, ಭೇಷ್' ಅನ್ನೋ ಒಪ್ಪಿಗೆ. ಮೊದಲನೇದು ಕೈಚೆಲ್ಲೋದು, ಎರಡನೇದು ಸರ್ಟಿಫಿಕೇಟ್ ಕೊಡೋದು. ಕೋಚಿಂಗಲ್ಲಿ ಇವೆರಡೂ ಅಲ್ಲದ ಮೂರನೇ ಅರ್ಥ ಒಂದಿದೆ, ಅದು ತುಂಬಾ ಸಪ್ಪೆ ಅರ್ಥ. ನಡೆದಿದ್ದನ್ನ ನಡೆದ ಹಾಗೇ ನೋಡೋದು, ಅದರ ಮೇಲೆ ತೀರ್ಪು ಬರೆಯದೇ. ಅಷ್ಟೇ. ಲೆಕ್ಕ ಬರೆಯೋರು ಖಾತೆಯಲ್ಲಿ ಎಷ್ಟಿದೆ ಅಂತ ನೋಡಿ ಬರ್ಕೋತಾರಲ್ಲ ಹಾಗೆ. ಇರೋದು ಕಮ್ಮಿ ಅಂತ ಸುಳ್ಳು ಅಂಕಿ ಬರೆದ್ರೆ ಮುಂದಿನ ಲೆಕ್ಕ ಎಲ್ಲಾ ತಪ್ಪುತ್ತೆ, ಕಮ್ಮಿ ಇದೆ ಅಂತ ಪುಸ್ತಕ ಹರಿದು ಹಾಕಿದ್ರೂ ತಪ್ಪುತ್ತೆ.

ನಿಮ್ಮ ಪತ್ರದಿಂದಲೇ ತಗೋಳೋಣ. 'ಯಾರೋ ಫೋನ್ ನೋಡಿದ್ರು', ಇದು ನಡೆದದ್ದು. 'ನನ್ನ ಮಾತು ಬೋರಾಯ್ತು' ಅಂತ ನೀವು ಬರೆದಿಲ್ಲ, ಆದ್ರೆ ರಾತ್ರಿ ಎರಡು ಗಂಟೆಗೆ ತಲೇಲಿ ಓಡ್ತಾ ಇರೋದು ಅದೇ ಅಂತ ಪಣ ಕಟ್ಟಿ ಹೇಳ್ತೀನಿ. ಅದು ತೀರ್ಪು. 'ಧ್ವನಿ ನಡುಗಿತು' ನಡೆದದ್ದು, 'ನಾನು ಹೇಡಿ' ತೀರ್ಪು. ಒಪ್ಪಿಕೊಳ್ಳಬೇಕಾಗಿರೋದು ಮೊದಲನೇದನ್ನ, ಎರಡನೇದನ್ನಲ್ಲ. ಜನ ಉಲ್ಟಾ ಮಾಡ್ತಾರೆ, 'ನಾನು ಹೇಡಿ ಅನ್ನೋದನ್ನ ಒಪ್ಪಿಕೊಂಡೆ' ಅಂತ ನಿಟ್ಟುಸಿರು ಬಿಟ್ಟು ಅದನ್ನೇ ಆತ್ಮಸ್ವೀಕಾರ ಅಂದ್ಕೋತಾರೆ. ಅದು ಸ್ವೀಕಾರ ಅಲ್ಲ, ತನ್ನ ಮೇಲೆ ತಾನೇ ಹಾಕ್ಕೊಂಡ ಕೇಸಲ್ಲಿ ತಾನೇ ಶಿಕ್ಷೆ ಬರ್ಕೊಂಡ ಹಾಗೆ.

ಇದು ಬರೀ ಮಾತಿನ ಚಮತ್ಕಾರ ಅನ್ನಿಸಬಹುದು, ಅದಕ್ಕೆ ಒಂದು ಮೈದಾನದ ಉದಾಹರಣೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿಮೊಥಿ ಗಾಲ್ವೆ ಅಂತ ಟೆನಿಸ್ ಕೋಚ್ ಇದ್ರು. ಕಲಿಯೋಕೆ ಬಂದೋರಿಗೆ 'ಮಣಿಕಟ್ಟು ಹೀಗಿಡಿ, ಭುಜ ಹಾಗೆ ತಿರುಗಿಸಿ' ಅಂತ ತಿದ್ದಿದಷ್ಟೂ ಅವರ ಮೈ ಸೆಟೆದುಕೊಂಡು ಆಟ ಕೆಡ್ತಾ ಇತ್ತು. ಅದಕ್ಕೆ ಅವರು ಒಂದು ವಿಚಿತ್ರ ಕೆಲಸ ಕೊಟ್ರು, ಹೊಡೆತದ ಬಗ್ಗೆ ಯೋಚನೆ ಬಿಡಿ, ಚೆಂಡು ನೆಲಕ್ಕೆ ಪುಟಿದ ಕ್ಷಣ 'ಬೌನ್ಸ್' ಅನ್ನಿ, ಬ್ಯಾಟಿಗೆ ತಗುಲಿದ ಕ್ಷಣ 'ಹಿಟ್' ಅನ್ನಿ, ಬೇರೇನೂ ಬೇಡ. ಆಡೋರ ತಲೆಯೊಳಗಿದ್ದ ಬೈಗುಳದ ಧ್ವನಿಗೆ ಕೆಲಸ ಇಲ್ಲದಂಗಾಯ್ತು, ಕಣ್ಣು ಚೆಂಡನ್ನ ನಿಜವಾಗ್ಲೂ ನೋಡೋಕೆ ಶುರು ಮಾಡ್ತು, ಹೊಡೆತ ತಾನಾಗೇ ಸುಧಾರಿಸ್ತು. ಇವತ್ತು ಆಫೀಸುಗಳಲ್ಲಿ ಕೋಚಿಂಗ್ ಅಂತ ನಾವು ಮಾಡ್ತಿರೋದರ ಒಂದು ದೊಡ್ಡ ಬೇರು ಇದೇ ಟೆನಿಸ್ ಅಂಗಳದಲ್ಲಿದೆ. ಆಮೇಲೆ ಬಂದೋರು ಅದಕ್ಕೆ ಗೋಲು, ಡೆಡ್‌ಲೈನು, ಎಕ್ಸೆಲ್ ಶೀಟು ಎಲ್ಲಾ ಸೇರಿಸಿದ್ರು, ಚೆಂಡು ನೋಡೋದು ಮರೆತುಹೋಯ್ತು. ಇದು ನನ್ನ ವೃತ್ತಿಯ ಮೇಲೆ ನನ್ನದೇ ತಕರಾರು, ಇರ್ಲಿ.

ನನ್ನ ಹತ್ರ ಬರ್ತಿದ್ದ ಒಬ್ಬರಿಗೆ (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ) ಬೇರೆಯೋರ ಮಾತಿನ ಮಧ್ಯ ಬಾಯಿ ಹಾಕೋ ಅಭ್ಯಾಸ. ನಿಮ್ಮದಕ್ಕೆ ಪೂರ್ತಿ ಉಲ್ಟಾ ಕೇಸು. ಎಷ್ಟೋ ಸಲ ಬಿಡಬೇಕು ಅಂತ ಪ್ರತಿಜ್ಞೆ ಮಾಡಿ, ಮುರಿದು, ತಮ್ಮನ್ನೇ ಬೈಕೊಂಡು ಸುಸ್ತಾಗಿದ್ರು. ಬಿಡಬೇಡಿ ಅಂದೆ. ನೋಟ್‌ಬುಕ್ಕಿನ ಅಂಚಲ್ಲಿ ಪ್ರತಿ ಸಲಕ್ಕೂ ಒಂದು ಗೀಟು ಎಳೀರಿ, ಗೀಟಿನ ಪಕ್ಕ ಛೀ ಥೂ ಏನೂ ಬರೀಬೇಡಿ, ಅಷ್ಟೇ ಹೋಂವರ್ಕ್. ಮೊದಲ ದಿನ ಒಂದೇ ಮೀಟಿಂಗಲ್ಲಿ ಹನ್ನೊಂದು ಗೀಟು ಬಿತ್ತಂತೆ, ನಗ್ತಾ ಪುಟ ತೋರಿಸಿದ್ರು. ಮೂರನೇ ವಾರಕ್ಕೆ ನಾಲ್ಕೋ ಐದೋ. 'ನಾನು ಏನೂ ಪ್ರಯತ್ನ ಮಾಡ್ಲಿಲ್ಲ ಮೇಡಂ, ಬಾಯಿ ತೆರೆಯೋಕೆ ಮುಂಚೆ ಪೆನ್ ಹಿಡಿದಿರೋ ಕೈ ಅಲ್ಲಾಡ್ತಿತ್ತು, ಅದರಿಂದ ಗೊತ್ತಾಗ್ತಿತ್ತು' ಅಂದ್ರು. ಇದರಲ್ಲಿ ಮ್ಯಾಜಿಕ್ ಇಲ್ಲ. ನಮ್ಮ ನಡವಳಿಕೆಯನ್ನ ನಾವೇ ಎಣಿಸಿ ಬರೆಯೋಕೆ ಶುರು ಮಾಡಿದ್ರೆ ಆ ಎಣಿಸೋದರಿಂದಲೇ ಅದು ಸ್ವಲ್ಪ ಬದಲಾಗುತ್ತೆ ಅನ್ನೋದು ಮನಶ್ಶಾಸ್ತ್ರದಲ್ಲಿ ಹಳೇ ವಿಷಯ. ಆದ್ರೆ ಬೈಕೊಳ್ತಾ ಎಣಿಸೋಕಾಗಲ್ಲ, ಬೈಗುಳ ಶುರುವಾದ್ರೆ ಮನಸ್ಸು ಗೀಟು ಎಳೆಯೋದನ್ನೇ ತಪ್ಪಿಸ್ಕೊಳ್ಳುತ್ತೆ. ತೂಕ ಜಾಸ್ತಿಯಾಗಿದೆ ಅಂತ ಅನುಮಾನ ಬಂದೋರು ತೂಕದ ಮಷಿನ್ ಹತ್ತೋದನ್ನೇ ಬಿಡ್ತಾರಲ್ಲ, ಅದೇ.

ಅಂದ್ರೆ 'ಒಪ್ಪಿಕೊಂಡ್ರೆ ಬದಲಾಗೋದು ಯಾಕೆ' ಅನ್ನೋ ನಿಮ್ಮ ಪ್ರಶ್ನೆಯಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸಿದ್ದೀರಿ, ಅವು ಒಂದರ ಹಿಂದೆ ಒಂದು ನಿಲ್ಲಬೇಕಾದವು. ಇದನ್ನ ಮೊದಲು ಹೇಳಿದ್ದು ನಾನಲ್ಲ ಬಿಡಿ. ಕಾರ್ಲ್ ರೋಜರ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1961ರಲ್ಲೇ ಬರೆದಿದ್ರು, ನಾನು ಇರೋ ಹಾಗೆ ನನ್ನನ್ನ ಒಪ್ಪಿಕೊಂಡಾಗಲೇ ಬದಲಾಗೋಕೆ ಆಗೋದು, ಇದೊಂದು ವಿಚಿತ್ರ ವಿರೋಧಾಭಾಸ ಅನ್ನೋ ಅರ್ಥದಲ್ಲಿ. 1970ರಲ್ಲಿ ಆರ್ನಾಲ್ಡ್ ಬೈಸರ್ ಅನ್ನೋ ಮನೋವೈದ್ಯರು ಅದನ್ನೇ ಒಂದು ಸಿದ್ಧಾಂತವಾಗಿ ಬರೆದ್ರು, ಮನುಷ್ಯ ತಾನಲ್ಲದ್ದು ಆಗೋಕೆ ಹೊರಟಾಗ ಅಲ್ಲ, ತಾನೇನೋ ಅದಾದಾಗ ಬದಲಾವಣೆ ಆಗುತ್ತೆ ಅಂತ. ಬೈಸರ್ ಕೂಡ ಒಳ್ಳೇ ಟೆನಿಸ್ ಆಟಗಾರರು, ಆಗಷ್ಟೇ ಡಾಕ್ಟರ್ ಆಗಿದ್ದ ಯುವಕ, ಪೋಲಿಯೋ ಬಂದು ಮೈ ಅಲ್ಲಾಡದಂಗಾಯ್ತು, ಉಸಿರಾಡೋಕೆ ಕಬ್ಬಿಣದ ಪೆಟ್ಟಿಗೆಯಂಥ ಯಂತ್ರದೊಳಗೆ ಮಲಗಬೇಕಾಯ್ತು. ಅಂಥವರು 'ಇರೋದನ್ನ ಒಪ್ಪಿಕೋ' ಅಂದಾಗ ಅದು ಗೋಡೆ ಮೇಲೆ ಅಂಟಿಸೋ ಸುವಿಚಾರ ಆಗಿರೋಕೆ ಸಾಧ್ಯ ಇಲ್ಲ.

ಈಗ ನಿಮ್ಮ ಮನಸ್ಸಲ್ಲಿರೋ ಭಯಕ್ಕೆ ಬರೋಣ. ನನ್ನ ಹತ್ರ ಬಂದ ಹೆಚ್ಚುಕಮ್ಮಿ ಎಲ್ಲರೂ ಇದನ್ನ ಕೇಳಿದ್ದಾರೆ, ಬೈಕೊಳ್ಳೋದು ಬಿಟ್ರೆ ನಾನು ಸೋಮಾರಿ ಆಗಿಬಿಡಲ್ವಾ? ಚಾಟಿ ಇರೋದಕ್ಕೆ ಬಂಡಿ ಇಲ್ಲಿ ತನಕ ಬಂದಿದೆ ಅಂತ. ನಿಜ ಹೇಳ್ಬೇಕಂದ್ರೆ ಚಾಟಿ ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲ, ಮಾಡುತ್ತೆ. ನಾನೇ ಪರೀಕ್ಷೆಗಳನ್ನ ಪಾಸ್ ಮಾಡಿದ್ದು ಹಾಗೇ. ಆದ್ರೆ 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತೆ ಸೆರೀನಾ ಚೆನ್ ಅಂತ ಇಬ್ಬರು ಸಂಶೋಧಕಿಯರು ಮಾಡಿದ ಪ್ರಯೋಗ ನೋಡಿ. ವಿದ್ಯಾರ್ಥಿಗಳಿಗೆ ಕಷ್ಟದ ಪದಗಳ ಪರೀಕ್ಷೆ ಕೊಟ್ರು, ಸುಮಾರು ಎಲ್ಲರೂ ಎಡವೋ ಥರದ್ದು. ಆಮೇಲೆ ಒಂದು ಗುಂಪಿಗೆ 'ಇದು ಎಷ್ಟೋ ಜನಕ್ಕೆ ಕಷ್ಟ ಆಗುತ್ತೆ, ನಿಮ್ಮ ಮೇಲೆ ನೀವು ಕಠಿಣವಾಗಬೇಡಿ' ಅನ್ನೋ ಥರದ ಮಾತು, ಇನ್ನೊಂದು ಗುಂಪಿಗೆ 'ನೀವು ಬುದ್ಧಿವಂತರೇ ಬಿಡಿ' ಅಂತ ಹೊಗಳಿಕೆ, ಮತ್ತೊಂದು ಗುಂಪಿಗೆ ಏನೂ ಇಲ್ಲ. ಎರಡನೇ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದ್ದು ಮೊದಲನೇ ಗುಂಪು. ಹೊಗಳಿಸಿಕೊಂಡ ಗುಂಪಲ್ಲ. ಇದು ನಂಗೆ ತುಂಬಾ ಇಷ್ಟವಾದ ವಿಷಯ, ಯಾಕಂದ್ರೆ ಕೋಚಿಂಗ್ ಹೆಸರಲ್ಲಿ 'ನೀವು ಅದ್ಭುತ, ನೀವು ಸಿಂಹ' ಅಂತ ಉಬ್ಬಿಸೋದು ದೊಡ್ಡ ವ್ಯಾಪಾರ ಆಗಿದೆ. ಇದಕ್ಕೆ ಎರಡು ವರ್ಷ ಮುಂಚೆ, 2010ರಲ್ಲಿ, ಕೆನಡಾದಲ್ಲಿ ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಆಗಿತ್ತು, ಅದರಲ್ಲೂ ಹಿಂಗೇ. ಮೊದಲ ಪರೀಕ್ಷೆಗೆ ಓದೋದನ್ನ ಮುಂದೂಡಿ ಆಮೇಲೆ ತಮ್ಮನ್ನ ತಾವು ಕ್ಷಮಿಸಿಕೊಂಡೋರು ಮುಂದಿನ ಪರೀಕ್ಷೆಗೆ ಕಮ್ಮಿ ಮುಂದೂಡಿದ್ರು.

ಚಾಟಿಯ ನಿಜವಾದ ತೊಂದರೆ ಏನಂದ್ರೆ ಬಂಡಿ ಊರು ಮುಟ್ಟಿದ ಮೇಲೂ ಅದು ಕೈಯಲ್ಲೇ ಇರುತ್ತೆ. ಮೀಟಿಂಗ್ ಮುಗೀತು, ಎರಡು ಸಲ ಮಾತಾಡಿ ಆಯ್ತು, ಗೋಲ್ ಮುಟ್ಟಿ ಆಯ್ತು. ಚಾಟಿಗೆ ಈಗ ಕೆಲಸ ಇಲ್ಲ, ಸುಮ್ನೆ ಇರೋಕೂ ಬರಲ್ಲ. ರಾತ್ರಿ ಎರಡು ಗಂಟೆಗೆ ಕೆಲಸ ಹುಡುಕ್ಕೊಳ್ಳುತ್ತೆ.

ಇಲ್ಲಿ ನಿಮ್ಮ ಕೋಚ್ ಪರವಾಗಿ ಅಲ್ಲ, ನನ್ನ ವಿರುದ್ಧ ಒಂದು ಸಾಕ್ಷಿ ಹೇಳ್ತೀನಿ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬರು ಬಂದಿದ್ರು, ಜನರ ಜೊತೆ ಸಲೀಸಾಗಿ ಬೆರೀಬೇಕು ಅಂತ. ನಾನು ವಾರಕ್ಕೊಂದು ಟಾಸ್ಕ್ ಕೊಡ್ತಾ ಹೋದೆ. ಒಂದನ್ನೂ ಬಿಡದೇ ಮಾಡ್ಕೊಂಡು ಬರ್ತಿದ್ರು, ನಂಗೋ ಖುಷಿಯೋ ಖುಷಿ, ಎಂಥ ಒಳ್ಳೇ ಕ್ಲೈಂಟು ಅಂತ. ಹತ್ತನೇ ಸೆಷನ್ನಿಗೆ ಬಂದು ಕೂತು, ಬ್ಯಾಗನ್ನ ತೊಡೆ ಮೇಲಿಂದ ಕೆಳಗೆ ಇಡದೇನೇ ಕೇಳಿದ್ರು, 'ಎಲ್ಲಾ ಮಾಡಿದೆ ಮೇಡಂ, ಈಗ್ಲಾದ್ರೂ ನಾನು ಸರಿಯಾದ್ನಾ?' ನಾನು ಅದನ್ನ ತಮಾಷೆ ಅಂದ್ಕೊಂಡು ನಕ್ಕು ಮುಂದಿನ ಟಾಸ್ಕ್ ಬರೆದುಕೊಟ್ಟೆ. ಅವರು ಮತ್ತೆ ಬರಲಿಲ್ಲ. ಆ ಮನುಷ್ಯ ಪ್ರತಿ ವಾರ ಟಾಸ್ಕ್ ಮಾಡ್ತಿದ್ದಿದ್ದು ಜನರ ಜೊತೆ ಬೆರೆಯೋ ಆಸೆಗೆ ಅಲ್ಲ, ಪಾಸ್ ಅಂತ ಯಾರಾದ್ರೂ ಬರೆದುಕೊಡ್ಲಿ ಅಂತ. ನಾನು ಪ್ರತಿ ವಾರ ಹೊಸ ಪರೀಕ್ಷೆ ಇಟ್ಟು 'ಇನ್ನೂ ಇಲ್ಲ' ಅಂತಿದ್ದೆ. ಕನ್ನಡಿಯೊಳಗಿನ ಗಂಟು ತೋರಿಸ್ತಾ ನಡೆಸ್ತಿದ್ದೆ ಅನ್ನೋದು ನಂಗೆ ಅರ್ಥ ಆಗೋಕೆ ತುಂಬಾ ವರ್ಷ ಬೇಕಾಯ್ತು.

ನಿಮ್ಮ ಐದು ಗೋಲ್‌ಗಳನ್ನ ಈ ದೃಷ್ಟಿಯಿಂದ ಒಂದು ಸಲ ನೋಡ್ಬೇಕು. ಕನ್ನಡದಲ್ಲಿ 'ಬೇಕು' ಅನ್ನೋ ಪದ ಎರಡು ಕೆಲಸ ಮಾಡುತ್ತೆ, ಗಮನಿಸಿದ್ದೀರಾ? 'ನಂಗೆ ಬೇಕು' ಅಂದ್ರೆ ಆಸೆ, 'ನಾನು ಮಾಡಬೇಕು' ಅಂದ್ರೆ ಹೊರೆ. ಒಂದೇ ಪದ, ಆದ್ರೆ ಒಂದರಲ್ಲಿ ನಾನು ಕೈ ಚಾಚ್ತಾ ಇದ್ದೀನಿ, ಇನ್ನೊಂದರಲ್ಲಿ ಯಾರೋ ನನ್ನ ಬೆನ್ನ ಮೇಲೆ ಕೈ ಇಟ್ಟು ತಳ್ತಾ ಇದ್ದಾರೆ. ಟೋರಿ ಹಿಗ್ಗಿನ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದೇ ವ್ಯತ್ಯಾಸದ ಮೇಲೆ ಒಂದು ಸಿದ್ಧಾಂತ ಕಟ್ಟಿದ್ರು. ಈಗಿರೋ ನಾನು, ಆಗೋಕೆ ಆಸೆ ಇರೋ ನಾನು, ಆಗಲೇಬೇಕಾದ ನಾನು ಅಂತ ಮೂರು. ಆಸೆಯ ನಾನು ಸಿಗದೇ ಹೋದ್ರೆ ಮನಸ್ಸಿಗೆ ಬೇಸರ, ನಿರಾಸೆ, ಮಂಕು ಕವಿಯುತ್ತೆ. ಆಗಲೇಬೇಕಾದ ನಾನು ಆಗದೇ ಹೋದ್ರೆ ಬರೋದು ಬೇಸರ ಅಲ್ಲ, ದಿಗಿಲು, ಚಡಪಡಿಕೆ, ಏನೋ ಶಿಕ್ಷೆ ಕಾದಿದೆ ಅನ್ನೋ ಭಾವ ಅನ್ನೋದು ಅವರ ವಾದ. ನಿಮ್ಮ ರಾತ್ರಿಗಳು ಎರಡನೇ ಥರದವು. ಅದಕ್ಕೇ ನಂಗೆ ಆ ಐದು ಗೋಲ್‌ಗಳ ಮೇಲೆ ಅನುಮಾನ.

ಒಂದು ಹಾಳೆ ತಗೊಂಡು ಐದನ್ನೂ 'ನಂಗೆ ಇದು ಬೇಕು, ಯಾಕಂದ್ರೆ' ಅಂತ ಶುರು ಮಾಡಿ ಬರೀರಿ. 'ಯಾಕಂದ್ರೆ' ಆದ್ಮೇಲೆ ಬೇರೆಯೋರ ಹೆಸರೋ ಬೇರೆಯೋರ ಮುಖವೋ ಬಂದ್ರೆ ('ಇಲ್ಲಾಂದ್ರೆ ಅವರು ಏನಂದ್ಕೋತಾರೆ', 'ನನ್ನ ವಯಸ್ಸಿನೋರೆಲ್ಲ ಎಲ್ಲೋ ಇದ್ದಾರೆ') ಪಕ್ಕದಲ್ಲಿ ಒಂದು ಚುಕ್ಕಿ ಇಡಿ. ಚುಕ್ಕಿ ಬಿದ್ದದ್ದು ಕೆಟ್ಟ ಗೋಲ್ ಅಂತ ಅಲ್ಲ, ಕೆಲಸದಲ್ಲಿ ಇರೋರಿಗೆ ಬೇರೆಯೋರ 'ಬೇಕು'ಗಳೂ ಇರ್ತವೆ, ಪ್ರಮೋಷನ್ ಬೇಕಂದ್ರೆ ಪ್ರೆಸೆಂಟೇಷನ್ ಮಾಡ್ಲೇಬೇಕಾಗಬಹುದು. ಆದ್ರೆ ಅದನ್ನ 'ಕೆಲಸದ ಶರತ್ತು' ಅಂತ ಹೆಸರಿಟ್ಟು ಮಾಡಿ, 'ನನ್ನ ವ್ಯಕ್ತಿತ್ವದ ದೋಷ ಸರಿ ಮಾಡ್ಕೊಳ್ಳೋದು' ಅಂತ ಅಲ್ಲ. ಗಾಡಿ ಓಡಿಸೋ ಲೈಸೆನ್ಸ್ ತಗೊಳ್ಳೋಕೆ ಹೋದೋರು ಪಾರ್ಕಿಂಗ್ ಟೆಸ್ಟಲ್ಲಿ ಫೇಲಾದ್ರೆ 'ನಾನೆಂಥ ಮನುಷ್ಯ' ಅಂತ ಅಳಲ್ಲ ತಾನೇ.

ಸ್ವಭಾವದ ಬಗ್ಗೆ ಎರಡು ಮಾತು. ನೀವು ತಟ್ ಅಂತ ಮಾತಾಡೋ ಜಾತಿಯಲ್ಲ ಅನ್ಸುತ್ತೆ, ಯೋಚನೆ ಮಾಡಿ ಆಮೇಲೆ ಬಾಯಿ ತೆರೆಯೋರು. ಇದರಲ್ಲಿ ಒಂದಷ್ಟು ಹುಟ್ಟಿನಿಂದ ಬಂದಿರುತ್ತೆ, ಅದನ್ನ ತಿದ್ದೋಕೆ ಹೋಗೋದು ದಂಡ. ಅದರ ಸುತ್ತ ವ್ಯವಸ್ಥೆ ಮಾಡ್ಕೊಳ್ಳಿ, ಅಜೆಂಡಾ ಮೊದಲೇ ಕೇಳಿ ತರಿಸ್ಕೊಳ್ಳಿ, ಹೇಳೋದರಲ್ಲಿ ಒಂದು ಪಾಯಿಂಟನ್ನ ಹಿಂದಿನ ದಿನವೇ ಮೀಟಿಂಗ್ ನಡೆಸೋರಿಗೆ ಎರಡು ಸಾಲಲ್ಲಿ ಬರೆದು ಕಳಿಸಿ, ಅವರೇ 'ನೀವೇನೋ ಬರೆದಿದ್ರಲ್ಲ' ಅಂತ ಕೇಳೋ ಹಾಗಾಗ್ಲಿ. ಇದು ತಪ್ಪಿಸಿಕೊಳ್ಳೋದಲ್ಲ, ಎಡಗೈಯವರು ಎಡಗೈ ಕತ್ತರಿ ತಗೊಂಡ ಹಾಗೆ. ಇನ್ನೊಂದಷ್ಟು ಬರೀ ಅಭ್ಯಾಸ, ಅದು ಬದಲಾಗುತ್ತೆ. ನೇಥನ್ ಹಡ್ಸನ್ ಮತ್ತೆ ಜೊತೆಯವರು 15 ವಾರ ವಿದ್ಯಾರ್ಥಿಗಳನ್ನ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಭಾವ ಬದಲಾಯಿಸ್ಕೋಬೇಕು ಅಂತ ಸಣ್ಣ ಸಣ್ಣ ಕೆಲಸಗಳನ್ನ ನಿಜವಾಗಿ ಮಾಡಿ ಮುಗಿಸಿದೋರಲ್ಲಿ ಬದಲಾವಣೆ ಕಂಡಿತ್ತು, 'ಮಾಡ್ತೀನಿ' ಅಂತ ಒಪ್ಪಿಕೊಂಡು ಬಿಟ್ಟೋರಲ್ಲಿ ಇಲ್ಲ. ಅದಕ್ಕೇ ನಾನು ಈಗ ಐದು ದೊಡ್ಡ ಗೋಲ್‌ಗಿಂತ ಒಂದು ಸಣ್ಣ ಕೆಲಸದ ಕಡೆಗೆ ವಾಲ್ತೀನಿ.

ಆ ಒಂದು ಸಣ್ಣ ಕೆಲಸ ಏನು ಅಂತ ಈಗ ಹೇಳ್ತೀನಿ, ನಿಮ್ಮ ಪತ್ರಕ್ಕೆ ನಾನು ಕೊಡೋಕೆ ಆಗೋ ಅತಿ ಉಪಯೋಗದ ವಿಷಯ ಇದೇ. ರಾತ್ರಿ ರಿವೈಂಡ್ ಮಾಡುವಾಗ ನಿಮಗೆ ಏನು ಕಾಣುತ್ತೆ? ನಿಮ್ಮ ಧ್ವನಿ, ನಿಮ್ಮ ಕೈ, ನಿಮ್ಮ ಬಿಸಿ ಮುಖ, ಮಧ್ಯದಲ್ಲಿ ಒಂದು ಫೋನು. ರೂಮಲ್ಲಿ ಇದ್ದ ಬಾಕಿ ಏಳೆಂಟು ಜನ ಏನು ಮಾಡ್ತಿದ್ರು? ನೆನಪಿಲ್ಲ ಅಲ್ವಾ. ಡೇವಿಡ್ ಕ್ಲಾರ್ಕ್ ಮತ್ತೆ ಏಡ್ರಿಯನ್ ವೆಲ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1995ರಲ್ಲಿ ವಿವರಿಸಿದ್ದು ಇದನ್ನೇ, ಜನರ ಮುಂದೆ ಅಳುಕೋರ ಗಮನ ಆ ಹೊತ್ತಲ್ಲಿ ಪೂರ್ತಿ ಒಳಗಡೆ ತಿರುಗಿರುತ್ತೆ, ತನ್ನೊಳಗೆ ಅನ್ನಿಸಿದ್ದನ್ನೇ ಬೇರೆಯೋರಿಗೆ ಕಂಡದ್ದು ಅಂತ ನಂಬ್ತಾರೆ, ಮೀಟಿಂಗ್ ಮುಗಿದ ಮೇಲೆ ಅದೇ ಚಿತ್ರಾನ ಪೋಸ್ಟ್‌ಮಾರ್ಟಂ ಮಾಡ್ತಾರೆ. ಪೋಸ್ಟ್‌ಮಾರ್ಟಂಗೆ ಸಿಗೋ ಸಾಕ್ಷಿಯೇ ಒಂದು ಕಡೆಯದ್ದು. ಹಂಗಾಗಿ ರಾತ್ರಿ ಎಷ್ಟು ಹೊತ್ತು ಯೋಚನೆ ಮಾಡಿದ್ರೂ ಸತ್ಯ ಸಿಗಲ್ಲ, ಸತ್ಯವನ್ನ ನೀವು ಆ ರೂಮಲ್ಲಿ ನೋಡಿಯೇ ಇಲ್ಲ.

ಅದಕ್ಕೆ ಮುಂದಿನ ಮೀಟಿಂಗಿನ ಗೋಲು 'ಎರಡು ಸಲ ಮಾತಾಡೋದು' ಅಲ್ಲ. ಒಂದು ಸಲ ಮಾತಾಡಿ, ಮುಗಿಸಿದ ತಕ್ಷಣ ಒಳಗೆ ನುಗ್ಗಬೇಡಿ, ಕಣ್ಣನ್ನ ಹೊರಗೆ ಇಟ್ಟು ಆಮೇಲಿನ ಒಂದು ನಿಮಿಷ ನೋಡಿ. ಯಾರು ತಲೆ ಆಡಿಸಿದ್ರು, ಯಾರು ಪೆನ್ ತಗೊಂಡ್ರು, ಮುಂದೆ ಮಾತಾಡಿದೋರು ನಿಮ್ಮ ಪಾಯಿಂಟ್ ಎತ್ತಿಕೊಂಡ್ರಾ ಬಿಟ್ರಾ, ಫೋನ್ ನೋಡಿದೋರು ನಿಮಗಿಂತ ಮುಂಚಿನೋರು ಮಾತಾಡುವಾಗಲೂ ಫೋನೇ ನೋಡ್ತಿದ್ರಾ. ಎದ್ದು ಬರೋಕೆ ಮುಂಚೆ ಮೂರು ಸಾಲು ಬರ್ಕೊಳ್ಳಿ, ಕಂಡಿದ್ದು ಮಾತ್ರ, ಅನ್ನಿಸಿದ್ದು ಬೇಡ. ಇದೇ ನಿಮ್ಮ 'ಬೌನ್ಸ್, ಹಿಟ್'. ರಾತ್ರಿ ಸಿನಿಮಾ ಶುರುವಾದಾಗ ಅದನ್ನ ನಿಲ್ಲಿಸೋಕೆ ಗುದ್ದಾಡಬೇಡಿ, ದೀಪ ಹಾಕಿ ಆ ಮೂರು ಸಾಲು ಓದಿ, ಮಲಗಿ. ಮೊದಮೊದಲು ನಿದ್ದೆ ಬರದೇ ಇರಬಹುದು, ಆಗ್ಲೂ ಪರವಾಗಿಲ್ಲ, ಸಾಕ್ಷಿ ಮಾತ್ರ ಎರಡೂ ಕಡೆಯದ್ದು ಸೇರ್ತಾ ಹೋಗುತ್ತೆ. ಮೂರು ಸಾಲಲ್ಲಿ ಒಂದೊಂದು ಸಲ ನಿಜಕ್ಕೂ ಕಹಿ ಸಾಲು ಇರುತ್ತೆ, 'ಯಾರೂ ನನ್ನ ಪಾಯಿಂಟ್ ಎತ್ತಿಕೊಳ್ಳಲಿಲ್ಲ' ಅಂತ. ಇರ್ಲಿ. ಅದರ ಮೇಲೆ ಕೆಲಸ ಮಾಡೋಕಾಗುತ್ತೆ, ಪಾಯಿಂಟ್ ಉದ್ದ ಆಯ್ತಾ, ತಡವಾಗಿ ಬಂತಾ ಅಂತ ಕೋಚ್ ಜೊತೆ ಕೂತು ನೋಡಬಹುದು. 'ನಾನು ಬೋರು' ಅನ್ನೋದರ ಮೇಲೆ ಯಾವ ಕೋಚೂ ಕೆಲಸ ಮಾಡೋಕಾಗಲ್ಲ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳ್ತೀನಿ. ಮೀಟಿಂಗಿಗೆ ಎರಡು ದಿನ ಮುಂಚಿಂದಲೇ ಹೊಟ್ಟೆ ತೊಳಸೋದು, ಎದೆ ಹೊಡ್ಕೊಂಡು ಉಸಿರು ಸಿಗದಂಗಾಗೋದು, ರಜೆ ಹಾಕಿ ತಪ್ಪಿಸಿಕೊಳ್ಳೋದು, ನಿದ್ದೆಗೆಡೋದು ಮೀಟಿಂಗ್ ದಿನ ಮಾತ್ರ ಅಲ್ಲದೇ ದಿನಾ ಆಗೋದು, ಅಥವಾ ಎರಡು ವಾರದ ಮೇಲೆ ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಇರೋದು, ಬದುಕೇ ಬೇಡ ಅನ್ನಿಸೋದು, ಇದರಲ್ಲಿ ಯಾವುದಾದ್ರೂ ಇದ್ರೆ ಅದು ಕೋಚ್ ಕೆಲಸ ಅಲ್ಲ, ಮನೋವೈದ್ಯರು ಇಲ್ಲಾ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಹೋಗಿ. ಬದುಕೇ ಬೇಡ ಅನ್ನಿಸ್ತಿದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಇವತ್ತೇ ಹತ್ತಿರದೋರಿಗೆ ಹೇಳಿ ಅವರ ಜೊತೆ ಹೋಗಿ. ಜನರ ಮುಂದಿನ ಅಳುಕಿಗೆ ಅಂತಲೇ ಚೆನ್ನಾಗಿ ಪರೀಕ್ಷೆ ಆಗಿರೋ ಥೆರಪಿ ಇದೆ, ಬೇಕಿದ್ರೆ ಔಷಧಿನೂ ಇದೆ. ಕೋಚ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಹೆಚ್ಚಿನ ದೇಶಗಳಲ್ಲಿ ಕಾನೂನಿನ ಲೈಸೆನ್ಸ್ ಬೇಕಿಲ್ಲ ಅನ್ನೋದು ನೆನಪಿರ್ಲಿ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಥರದ ಸಂಸ್ಥೆಗಳು ಸರ್ಟಿಫಿಕೇಟ್ ಕೊಡ್ತವೆ, ಮೊದಲ ಹಂತಕ್ಕೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳ್ತವೆ. ಒಳ್ಳೇದೇ. ಆದ್ರೆ ಅದು ಗಂಟೆಗಳ ಲೆಕ್ಕ, ಒಳ್ಳೇ ಕೋಚ್ ಅನ್ನೋದಕ್ಕೆ ಗ್ಯಾರಂಟಿ ಅಲ್ಲ. ಇದು ನನ್ನ ಕೈಲಿ ಆಗೋದಲ್ಲ, ಡಾಕ್ಟರ್ ಹತ್ರ ಹೋಗಿ ಅಂತ ಸಮಯಕ್ಕೆ ಸರಿಯಾಗಿ ಹೇಳೋ ಕೋಚ್ ನನ್ನ ಪ್ರಕಾರ ಒಳ್ಳೇ ಕೋಚ್.

ಈಗ ನಿಲ್ಲಿಸ್ಲಾ ಅನ್ನೋ ಪ್ರಶ್ನೆ. ನಂಗೆ ಕಂಡ ಹಾಗೆ ಈಗ್ಲೇ ಬೇಡ. ಎಡ್ವರ್ಡ್ ಬಾರ್ಡಿನ್ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲಿ ಹೇಳಿದ ಒಂದು ಲೆಕ್ಕ ನಾನು ಇಂಥ ಹೊತ್ತಲ್ಲಿ ಬಳಸ್ತೀನಿ. ಇಬ್ಬರು ಕೂತು ಇಂಥ ಕೆಲಸ ಮಾಡುವಾಗ ಮೂರು ವಿಷಯ ಕೂಡಿ ಬರಬೇಕು, ಗುರಿಯ ಬಗ್ಗೆ ಒಮ್ಮತ, ಅದಕ್ಕೆ ಏನೇನು ಮಾಡೋದು ಅನ್ನೋದರಲ್ಲಿ ಒಮ್ಮತ, ಮತ್ತೆ ಇಬ್ಬರ ನಡುವೆ ನಂಬಿಕೆ. ನಿಮ್ಮಲ್ಲಿ ಮೂರನೇದು ಇದೆ ಅನ್ಸುತ್ತೆ, ಅವರಿಗೆ ಬೇಜಾರಾಗುತ್ತಾ ಅಂತ ಯೋಚನೆ ಮಾಡ್ತಿದ್ದೀರಲ್ಲ. ಎರಡನೇದೂ ನಡೀತಿದೆ, ಕೊಟ್ಟಿದ್ದನ್ನ ಮಾಡ್ತಿದ್ದೀರಿ. ಕೈಕೊಟ್ಟಿರೋದು ಮೊದಲನೇದು, ಒಂದಿದ್ದ ಗೋಲು ಐದಾಗಿದ್ದು ಯಾವಾಗ, ಯಾರು ಕೇಳಿದ್ರು ಅನ್ನೋದೇ ನಿಮ್ಮ ಪತ್ರದಲ್ಲಿಲ್ಲ. 'ಗೋಲ್ ಇಟ್ರು', 'ಗೋಲ್ ಐದಾಗಿದೆ'. ಎಲ್ಲೂ 'ನಾನು ಇಟ್ಟುಕೊಂಡೆ' ಅಂತಿಲ್ಲ.

ಹಂಗಾಗಿ ಅವರಿಗೆ ಹೆಚ್ಚುಕಮ್ಮಿ ಹೀಗೆ ಹೇಳಿ, ನಿಮ್ಮ ಮಾತಲ್ಲೇ: 'ನಾನು ಟಾಸ್ಕ್ ಮಾಡ್ತಿದ್ದೀನಿ, ಆದ್ರೆ ಮಾಡಿದ ರಾತ್ರಿ ನಿದ್ದೆ ಮಾಡ್ತಿಲ್ಲ. ಮುಂದಿನ ಮೂರು ಸೆಷನ್ ಹೊಸ ಗೋಲ್ ಬೇಡ. ನಾಲ್ಕನ್ನ ಪಕ್ಕಕ್ಕಿಟ್ಟು ಒಂದನ್ನ ಮಾತ್ರ ಇಟ್ಕೊಳ್ಳೋಣ, ಅದು ಯಾವುದು ಅಂತ ನಾನು ಹೇಳ್ತೀನಿ. ಇನ್ನೊಂದು, ಒಪ್ಪಿಕೊಳ್ಳಿ ಅಂತ ನೀವು ಹೇಳಿದಾಗ ನಂಗೆ ಬಿಟ್ಟುಬಿಡಿ ಅಂತ ಕೇಳಿಸ್ತಿದೆ, ನೀವು ಏನರ್ಥದಲ್ಲಿ ಹೇಳ್ತಿದ್ದೀರಿ?' ಮೂರು ಸೆಷನ್ ಆದ್ಮೇಲೂ ರಾತ್ರಿಗಳು ಹಾಗೇ ಇದ್ರೆ, ಅಥವಾ ಇದನ್ನ ಕೇಳಿ ಅವರು 'ನಿಮಗೆ ಕಮಿಟ್‌ಮೆಂಟ್ ಇಲ್ಲ, ಕಂಫರ್ಟ್ ಜೋನ್ ಬಿಟ್ಟು ಬನ್ನಿ' ಅಂತ ಶುರು ಮಾಡಿದ್ರೆ, ಆಗ ಯಾವ ಅಪರಾಧಿ ಭಾವನೆಯೂ ಇಲ್ಲದೇ ನಿಲ್ಲಿಸಿ.

ಬೇಜಾರಾಗುತ್ತಾ ಅಂದ್ರೆ, ಒಂದು ಕ್ಷಣ ಆಗಬಹುದು, ಕೋಚ್‌ಗಳೂ ಮನುಷ್ಯರೇ. ನಂಗೆ ಒಬ್ಬರು ಹೀಗೇ ಹೇಳಿದಾಗ ಕಿವಿ ಬಿಸಿಯಾಗಿತ್ತು, ನೀರು ಕುಡಿಯೋ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಯಾವಾಗಿಂದ ಹೀಗನ್ನಿಸ್ತಿದೆ ಅಂತ ಕೇಳಿದೆ. 'ಮೂರನೇ ಸೆಷನ್ನಿಂದ' ಅಂದ್ರು. ಅವತ್ತಿನದು ಹನ್ನೊಂದನೇದು. ಅದರಲ್ಲೂ ಎದ್ದು ಹೊರಡೋ ಹೊತ್ತಿಗೆ, ಬಾಗಿಲ ಹಿಡಿ ಹಿಡ್ಕೊಂಡು ಹೇಳಿದ್ದು. ನೀವು ಹಾಗೆ ಮಾಡಬೇಡಿ, ಮುಂದಿನ ಸೆಷನ್ನಲ್ಲಿ ಕೂತ ಮೊದಲ ಐದು ನಿಮಿಷದಲ್ಲೇ ಹೇಳಿ. ಹೇಳಿ ಮುಗಿಸಿದ ಮೇಲೆ ಒಂದು ನಿಮಿಷ ಅವರ ಮುಖ ನೋಡಿ, ಮೂರು ಸಾಲು ಬರ್ಕೊಳ್ಳಿ.